ಹತ್ತು ಸರಪಳಿ, ಹನ್ನೊಂದು ಫೂಟು

ನಾನು ಗುಲಾಮ ದಸ್ತಗೀರ. ಇಪ್ಪತ್ತಾರು ವರ್ಷ ಪುರಸಭೆಯಲ್ಲಿ ಸಫಾಯಿ ಜಮಾದಾರನಾಗಿದ್ದೆ, ಅಂದರೆ ಕಸದ ಬಂಡಿಗಳಿಗೆ ನಾನೇ ಯಜಮಾನ. ಊರಿನ ಹೆಸರು ಹೇಳುವುದಿಲ್ಲ. ಶಹಾಬಾದಿಗೂ ವಾಡಿಗೂ ನಡುವೆ ರೈಲು ನಿಲ್ಲುವ ಒಂದು ಊರು ಅಂದರೆ ಸಾಕು. ಹೆಸರು ಹೇಳಿದರೆ ನಾಳೆ ಯಾರದೋ ಮಗ ಬಾಗಿಲಿಗೆ ಬಂದು, ನಮ್ಮಪ್ಪನ ಬಗ್ಗೆ ಏನು ಹೇಳಿದಿ ಅಂತ ಕೇಳುತ್ತಾನೆ. ನನಗೀಗ ಜಗಳ ಆಡುವಷ್ಟು ಉಸಿರಿಲ್ಲ.

ಅರವತ್ತನಾಲ್ಕರಲ್ಲಿ ನಮ್ಮ ಪುರಸಭೆ ಒಂದು ಠರಾವು ಮಾಡಿತು. ಊರ ಕಸ ಹಾಕುವ ಡಿಪೋ ಯಾವ ವಾಸದ ಮನೆಯ ಗೋಡೆಯಿಂದಲೂ ಹತ್ತು ಸರಪಳಿಯ ಒಳಗೆ ಇರಕೂಡದು. ಒಂದು ಸರಪಳಿ ಅರವತ್ತಾರು ಫೂಟು, ಹತ್ತು ಸರಪಳಿ ಅಂದರೆ ಒಂದು ಫರ್ಲಾಂಗು. ಒಳ್ಳೆಯ ಠರಾವೇ. ಆದರೆ ಅದು ಯಾಕೆ ಹುಟ್ಟಿತು ಅಂದರೆ, ಹಳೆಯ ಡಿಪೋ ಬಸ್ ಸ್ಟ್ಯಾಂಡಿನ ಹಿಂದೆ ಇತ್ತು, ಅದರ ಸುತ್ತ ಮೆಂಬರುಗಳ ಮನೆಗಳಿದ್ದವು. ನನ್ನ ಮನೆಯೂ ಅಲ್ಲೇ ಇತ್ತು. ಠರಾವು ಪಾಸಾದ ದಿನ ನನ್ನ ಹೆಂಡತಿ ಮೆಹತಾಬ್ ಖೀರು ಮಾಡಿದ್ದಳು, ನಾನು ಎರಡು ಬಟ್ಟಲು ಕುಡಿದೆ. ಸುಳ್ಳು ಯಾಕೆ ಹೇಳಲಿ.

ಹೊಸ ಜಾಗ ಅಂತ ಆರಿಸಿದ್ದು ಊರ ಹೊರಗಿನ ಒಂದು ಪರಸಿ ಖಣಿ. ನೆಲಕ್ಕೂ ಗೋಡೆಗೂ ಹಾಸುವ ಚಪ್ಪಟೆ ಕಲ್ಲಿಗೆ ನಮ್ಮ ಕಡೆ ಪರಸಿ ಅನ್ನುತ್ತೇವೆ. ಕಲ್ಲು ತೀರಿದ ಮೇಲೆ ಖಣಿ ಬರೀ ಗುಂಡಿ, ಕಸ ಹಾಕಲಿಕ್ಕೆ ದೇವರೇ ತೋಡಿಟ್ಟ ಜಾಗ ಅಂತ ಎಲ್ಲರಿಗೂ ಅನ್ನಿಸಿತು. ಅದಕ್ಕೆ ಹತ್ತಿರ ಇದ್ದದ್ದು ಖಣಿ ಕೆಲಸದವರ ಓಣಿ. ಹದಿನೈದು ಮನೆ, ಮೊದಲನೆಯದು ಕಲ್ಲು ಒಡೆಯುವ ನರಸಪ್ಪನದು. ಜನವರಿಯ ಒಂದು ಮುಂಜಾನೆ, ಚಳಿಗೆ ಬೆರಳು ಸೆಟೆದುಕೊಂಡಿದ್ದಾಗ, ನಾನೂ ಬಂಡಿ ಹೊಡೆಯುವ ಮಶಾಕನೂ ಸರಪಳಿ ಹಿಡಿದು ಗುಂಡಿಯ ಅಂಚಿನಿಂದ ನರಸಪ್ಪನ ಗೋಡೆಯವರೆಗೆ ಅಳೆದೆವು. ಹತ್ತು ಸರಪಳಿ, ಹನ್ನೊಂದು ಫೂಟು. ಠರಾವಿನ ಪ್ರಕಾರ ಎಲ್ಲವೂ ಸರಿ. ನನ್ನ ಕೈಯಲ್ಲಿ ಸರಪಳಿ ಯಾವತ್ತೂ ಸಡಿಲಾಗಿಲ್ಲ, ಆ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿತ್ತು. ಬರೆದು ಸಹಿ ಮಾಡಿ ಕೊಟ್ಟೆ. ಮರುದಿನದಿಂದ ದಿನಕ್ಕೆ ಒಂಬತ್ತು ಬಂಡಿ ಆ ಕಡೆ ಹೊರಟವು.

ಮಾರ್ಚಿನಲ್ಲಿ ನರಸಪ್ಪನ ಹೆಂಡತಿ ಮಾಳಮ್ಮ ಆಫೀಸಿಗೆ ಬಂದಳು. ಬಾಗಿಲ ಹೊರಗೆ ನಿಂತಳು, ಒಳಗೆ ಬರ್ರಿ ಅಂದರೂ ಬರಲಿಲ್ಲ.

"ಜಮಾದಾರ ಸಾಬ್ರ, ಆ ಕಸ ಸರಸ್ರಿ," ಅಂದಳು.

"ಯಾಕವ್ವ?"

"ನನ್ನ ಮಗಳು ಅಮೃತಮ್ಮಗ ಈಗ ಐದು ತಿಂಗಳು. ಚೊಚ್ಚಲ ಅದ. ತವರಿಗೆ ಕರಕೊಂಡು ಬರಬೇಕು. ಮೊನ್ನಿ ಸುಲೇಪೇಟದಿಂದ ಬೀಗತಿ ಬಂದಿದ್ದಳು. ಚಾ ಕೊಟ್ಟೆ. ಬಾಯಿಗೆ ಹಚ್ಚೂದ್ರಾಗ ಬಟ್ಟಲದಾಗ ಮೂರು ನೊಣ ಬಿದ್ದವು. ಬಟ್ಟಲ ಕೆಳಗಿಟ್ಟು ಎದ್ದಳು. ಈ ಮನಿಗೆ ಬಾಣಂತಿ ಕಳಸೂದಿಲ್ಲ ಅಂದು ಹೋದಳು."

"ಆಕಿ ಮನ್ಯಾಗೇ ಬಾಣಂತನ ಆಗ್ಲಿ ಬಿಡ್ರಿ. ಸುಲೇಪೇಟ ದೊಡ್ಡ ಊರು."

ಮಾಳಮ್ಮ ನನ್ನ ಮುಖ ನೋಡಿದಳು. "ನನಗ ನಾಕು ಹುಟ್ಯಾವ್ರಿ, ಉಳಿದಾಕಿ ಅಕಿ ಒಬ್ಬಾಕಿ. ಅವ್ವನ ಹಂತ್ಯಾಕೇ ಹಡೀತೀನಿ ಅಂತ ಹೇಳಿ ಕಳಿಸ್ಯಾಳ. ಏಳರಾಗ ಕಳಸಂಗಿಲ್ಲ ಅಂತ ಬೀಗತಿ ಖಡಕ್ ಹೇಳ್ಯಾಳ. ಎಂಟರಾಗ ಯಾರೂ ಕರಿಯೂದಿಲ್ಲ. ಒಂಬತ್ತರಾಗ ಬಂದು ನೋಡ್ತೀನಿ ಅಂದಾಳ. ಅಷ್ಟರಾಗ ಸರಸ್ರಿ."

ನಾನು ರಜಿಸ್ಟರು ತೆರೆದು ತೋರಿಸಿದೆ. ಅವಳಿಗೆ ಓದು ಬಾರದು, ಆದರೂ ತೋರಿಸಿದೆ. ನೌಕರಿ ಮಾಡುವವನಿಗೆ ಉತ್ತರ ಇಲ್ಲದಾಗ ರಜಿಸ್ಟರು ತೆರೆಯುವುದು ಒಂದು ಚಟ.

"ನೋಡವ್ವ, ನಿಮ್ಮ ಮನಿ ಹನ್ನೊಂದು ಫೂಟು ಹೊರಗದ."

"ಹನ್ನೊಂದು ಫೂಟಿನಾಗ ವಾಸನಿ ನಿಂತುಬಿಡ್ತದೇನ್ರಿ?"

ನನಗೆ ಸಿಟ್ಟು ಬಂತು. "ನಿಯಮ ಅಂದ್ರ ನಿಯಮ. ನಿಮ್ಮ ಮನಿ ಹನ್ನೊಂದು ಫೂಟು ಈಚಿಗೆ ಇದ್ದಿದ್ರ ನಾಳೇನೇ ಬಂಡಿ ನಿಂದರಸ್ತಿದ್ದೆ. ಇಲ್ಲ, ನಾ ಏನು ಮಾಡ್ಲಿ?"

ಮಾಳಮ್ಮ ತೆರೆದ ರಜಿಸ್ಟರಿನ ಕಡೆ ಒಮ್ಮೆ ನೋಡಿದಳು. ಆಮೇಲೆ "ಹಂಗಾರ ಆತು ಬಿಡ್ರಿ" ಅಂದು ಹೋದಳು. ಪೀಡೆ ತೊಲಗಿತು ಅಂದುಕೊಂಡೆ.

ಖಣಿಯವರ ಮನೆ ನೋಡಿದವರಿಗೆ ಗೊತ್ತು. ಗೋಡೆಗೆ ಸುಣ್ಣವಿಲ್ಲ, ಗಾರೆಯಿಲ್ಲ. ಪರಸಿಯ ಮೇಲೆ ಪರಸಿ ಒಟ್ಟಿ ಎತ್ತರ ಮಾಡುತ್ತಾರೆ, ಮೇಲೆ ಉದ್ದನೆಯ ಪರಸಿ ಹೊದಿಸುತ್ತಾರೆ, ಸಂದಿಗೆ ಮಣ್ಣು ಮೆತ್ತುತ್ತಾರೆ. ಕಲ್ಲು ತೀರಿ ಖಣಿ ಮುಂದೆ ಸರಿದರೆ ಮನೆಯನ್ನೂ ಬಿಚ್ಚಿಕೊಂಡು ಹೊರಡುತ್ತಾರೆ. ಊರವರಿಗೆ ಮನೆ ಅಂದರೆ ಬೇರು ಬಿಟ್ಟದ್ದು. ಅವರಿಗೆ ಹಾಗಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ಎದ್ದು ನಡೆಯುವಂಥದ್ದು. ಇದು ನನಗೆ ಗೊತ್ತಿದ್ದೂ ನೆನಪಾಗಲಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಮಶಾಕ ಓಡಿ ಬಂದ. "ಜಮಾದಾರ್, ನರಸಪ್ಪನ ಮನಿ ಬಿಚ್ಚಾಕತ್ಯಾರ."

ಹೋಗಿ ನೋಡಿದರೆ ಓಣಿಗೆ ಓಣಿಯೇ ಅಲ್ಲಿ ಸೇರಿತ್ತು. ಕೂಲಿ ಇಲ್ಲ, ಕರೆದವರಿಲ್ಲ, ಎಲ್ಲರ ಕೈಯಲ್ಲೂ ಕಲ್ಲು ಮೀಟುವ ಸಬ್ಬಲ್ಲು. ಯಾವ ಕಲ್ಲು ಎಲ್ಲಿಯದು ಅಂತ ಇದ್ದಿಲಿನಲ್ಲಿ ಗೆರೆ ಎಳೆದಿದ್ದರು. ಮೇಲಿನ ಪರಸಿಯನ್ನು ಆರು ಜನ ಹೊತ್ತು ಇಳಿಸುತ್ತಿದ್ದರು. ಪಕ್ಕದ ಮನೆಯ ಸೈದಾನಬಿ, ಗಂಡ ತೀರಿಕೊಂಡು ಮಗ ಜಿಲಾನಿಯನ್ನು ಒಬ್ಬಳೇ ಸಾಕಿದವಳು, ದೊಡ್ಡ ಹಂಚಿಟ್ಟು ಎಲ್ಲರಿಗೂ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಿತ್ತ ಮನೆ ಹಿಂದಕ್ಕೆ ಹೋಗುತ್ತಿರಲಿಲ್ಲ, ಮುಂದಕ್ಕೆ, ಕಸದ ಗುಂಡಿಯ ಕಡೆಗೆ ಬರುತ್ತಿತ್ತು.

"ನರಸಪ್ಪ, ತಲಿ ನೆಟ್ಟಗದ ಏನು?" ಅಂದೆ. "ಮಂದಿ ಕಸದಿಂದ ದೂರ ಓಡ್ತಾರ. ಓಣ್ಯಾಗ ಹೋಗೂ ಮಾರಿ ಮನೀಗೆ ಬಾ ಅಂದಂಗ ಆತಲ್ಲೋ."

ನರಸಪ್ಪ ಬೆವರು ಒರೆಸಿಕೊಂಡು ಹೆಂಡತಿಯ ಕಡೆ ಕೈ ತೋರಿಸಿದ. ಮಾಳಮ್ಮ ತಲೆಯ ಮೇಲಿನ ಕಲ್ಲಿನ ಬುಟ್ಟಿ ಇಳಿಸದೆಯೇ ಹೇಳಿದಳು:

"ನೀವೇ ಹೇಳಿದ್ರಲ್ರಿ, ಹನ್ನೊಂದು ಫೂಟು ಈಚಿಗೆ ಇದ್ರ ನಾಳೇನೇ ನಿಂದರಸ್ತೀನಿ ಅಂತ."

ನಾನು ಸಿಟ್ಟಿಗೆ ಆಡಿದ ಮಾತು. ಅವಳು ಅದನ್ನು ಸರಕಾರದ ಆರ್ಡರು ಅಂತ ತಿಳಿದು ಗೋಡೆ ಬಿಚ್ಚಿದ್ದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾಚಿಕೆ ಬಂತು.

ಎರಡು ದಿನದಲ್ಲಿ ಮನೆ ಹೊಸ ಜಾಗದಲ್ಲಿ ನಿಂತಿತು. ನಾನು ಅರ್ಜಿ ಬರೆದುಕೊಟ್ಟೆ, ನರಸಪ್ಪ ಹೆಬ್ಬೆಟ್ಟು ಒತ್ತಿದ. ಆಗಿನ ಚೀಫ್ ಆಫೀಸರು ಗುಲಬರ್ಗಾದವರು, ದಿನಾ ಹನ್ನೊಂದೂವರೆಯ ಪ್ಯಾಸೆಂಜರಿಗೆ ಬಂದು ಸಂಜೆಯ ಗಾಡಿಗೆ ಹೋಗುವವರು. ಅರ್ಜಿಯನ್ನು ಒಂದು ತಿಂಗಳು ಮೇಜಿನ ಮೇಲೆ ಮಲಗಿಸಿ, ಮೇ ಹದಿನೆಂಟಕ್ಕೆ ನಾನೇ ಬಂದು ಎದುರಿಗೆ ಅಳೆಸುತ್ತೇನೆ ಅಂದರು. ಗೋಡೆ ಒಳಗೆ ಬಂದರೆ ಡಿಪೋ ಎತ್ತುವುದು, ಬರದಿದ್ದರೆ ಅರ್ಜಿ ಹರಿಯುವುದು, ಇನ್ನೊಮ್ಮೆ ಈ ತಕರಾರು ತರಕೂಡದು ಅಂತ ಬರೆಸಿದರು.

ಆ ತಿಂಗಳು ಮಾಳಮ್ಮ ವಾಸನೆಗೆ ಇನ್ನಷ್ಟು ಹತ್ತಿರ ಬದುಕಿದಳು. ನಾನು ಒಂದೆರಡು ಸಲ ಹೋದೆ. ಮಧ್ಯಾಹ್ನ ಗಂಡಹೆಂಡತಿ ನೊಣ ಬೀಳದ ಹಾಗೆ ತಲೆಯ ಮೇಲಿಂದ ಒಂದು ಧೋತರ ಹೊದ್ದು ಅದರೊಳಗೆ ಕೂತು ಉಣ್ಣುತ್ತಿದ್ದರು. ನನಗೂ ಒಂದು ರೊಟ್ಟಿ ಕೊಟ್ಟರು. ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ. ಅಮೃತಮ್ಮನಿಗೆ ಆಗ ಏಳನೇ ತಿಂಗಳು, ಸುಲೇಪೇಟದವರು ಕಳಿಸಿರಲಿಲ್ಲ.

ಹದಿನೆಂಟನೇ ತಾರೀಖು ಮುಂಜಾನೆ ಆರಕ್ಕೇ ನಾನೂ ಮಶಾಕನೂ ಹೋದೆವು. ಸಾಹೇಬರ ಎದುರಿಗೆ ತಪ್ಪಬಾರದು ಅಂತ ಒಂದು ಸಲ ಅಳೆದು ನೋಡುವ ಎಂದೆ. ತಂಪಿನಲ್ಲಿ, ಬಿಗಿಯಾಗಿ, ಒಂದೊಂದು ಸರಪಳಿಗೂ ಮೊಳೆ ನೆಟ್ಟು ಹೋದೆವು. ಹತ್ತನೇ ಸರಪಳಿಯ ಹಿಡಿ ಹೋಗಿ ಸರಿಯಾಗಿ ಗೋಡೆಗೆ ಮುಟ್ಟಿತು. ಒಂದು ನೂಲು ಆಚೆಯಿಲ್ಲ, ಈಚೆಯಿಲ್ಲ.

"ನರಸಪ್ಪ, ಎಷ್ಟು ಸರಸಿದಿ?"

"ಹನ್ನೆರಡು ಫೂಟ ಸರಸೀನ್ರಿ. ಹನ್ನೊಂದು ಅಂದಿದ್ರಿ, ಒಂದು ಫೂಟ ಹೆಚ್ಚಿಗೇ ಇರ್ಲಿ ಅಂತ."

"ಯಾವುದ್ರಿಂದ ಅಳದಿ?"

"ಎರಡು ಫೂಟಿನ ಪರಸಿ ಇರ್ತಾವಲ್ರಿ, ಅವನ್ನೇ ಆರು ಸಾಲಾಗಿ ಹಾಸಿ ನೋಡೀನಿ."

ನಾನು ತಲೆ ಹಿಡಿದುಕೊಂಡೆ. ಎರಡು ಫೂಟಿನದು ಅಂತ ಮಾರುವ ಪರಸಿ ಎಂದೂ ಎರಡು ಫೂಟು ಇರುವುದಿಲ್ಲ. ಅಂಚು ಕಡಿದು ನೇರ ಮಾಡುವಾಗ ಎರಡಿಂಚು ಹೋಗುತ್ತದೆ, ಇಪ್ಪತ್ತೆರಡು ಇಂಚು ಉಳಿಯುತ್ತದೆ. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಹುಟ್ಟಿದಾಗಿನಿಂದ ಅದನ್ನೇ ಎರಡು ಫೂಟು ಅಂತ ಕರೆದ ನರಸಪ್ಪನಿಗೆ ಅದೇ ಎರಡು ಫೂಟು. ಅವನ ಹನ್ನೆರಡು, ನನ್ನ ಸರಪಳಿಗೆ ಬರೀ ಹನ್ನೊಂದು. ಮನೆ ಗೆರೆಯ ಮೇಲೆ ನಿಂತಿತ್ತು. ಗೆರೆಯ ಮೇಲೆ ನಿಂತದ್ದು ಒಳಗಲ್ಲ.

ನರಸಪ್ಪ ಕಲ್ಲಿನ ಮೇಲೆ ಕುಸಿದು ಕೂತ. "ಮುಂದ ಒಂದು ಕಟ್ಟಿ ಕಟ್ಟಿಬಿಡ್ಲೇನ್ರಿ?" ಅಂದ.

"ಗೋಡಿಯಿಂದ ಅಳೀಬೇಕು. ಕಟ್ಟಿ ನಡಿಯೂದಿಲ್ಲ."

"ಗೋಡಿ ಕಿತ್ತಿ ಇಡಾಕ ಎರಡು ದಿನ ಬೇಕ್ರಿ."

ಮಾಳಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. "ಹಂಗಾರ ಅಮೃತಿ ಬರಂಗಿಲ್ಲ ಅಂತಾತು," ಅಂತ ತನಗೆ ತಾನೇ ಹೇಳಿಕೊಂಡು ಒಲೆಯ ಮುಂದೆ ಹೋಗಿ ಕೂತಳು. ನನ್ನ ಮನೆಯ ಹಿಂದಿದ್ದ ಕಸವನ್ನು ನಾನೇ ಒಂಬತ್ತೊಂಬತ್ತು ಬಂಡಿ ಹೊಡೆಸಿ ಇವಳ ಬಾಗಿಲಿಗೆ ತಂದು ಸುರಿದಿದ್ದೆ, ಮೇಲೆ ಖೀರು ಬೇರೆ ಕುಡಿದಿದ್ದೆ.

ನಾನು ಪ್ರಾಮಾಣಿಕ ಅಂತ ಇಪ್ಪತ್ತಾರು ವರ್ಷ ಜಂಬ ಕೊಚ್ಚಿಕೊಂಡವನು. ಆ ದಿನ ಮಾಡಿದ್ದು ಪ್ರಾಮಾಣಿಕವೋ ಅಲ್ಲವೋ ನೀವೇ ಹೇಳಿ. ಮಶಾಕ ಸರಪಳಿ ಸುತ್ತಿ ಬಂಡಿಯ ನೆರಳಿಗೆ ಇಡಲು ಹೋದ. "ಬ್ಯಾಡ, ಇತ್ತ ಕೊಡು," ಅಂದೆ. ಅದನ್ನು ಬಿಚ್ಚಿ, ಬಿಸಿಲಿಗೆ ಬಿದ್ದಿದ್ದ ಕರಿ ಪರಸಿಗಳ ಮೇಲೆ ಉದ್ದಕ್ಕೆ ಹಾಸಿದೆ. ಮಶಾಕ ಇನ್ನೊಂದು ತುದಿ ಹಿಡಿದು ನೆಟ್ಟಗೆ ಮಾಡಿದ. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಬಂಡಿಯ ಗಾಲಿಗೆ ಪಟ್ಟಿ ಹೊಡೆಯುವ ಕಮ್ಮಾರನಿಗೆ ಇದು ಗೊತ್ತಿರುವ ವಿಷಯ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಎಂಥದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಸಾಹೇಬರು ಗಾಡಿ ಇಳಿದು, ಚಹಾ ಕುಡಿದು, ಛತ್ರಿ ಹಿಡಿಸಿಕೊಂಡು ಬರುವಷ್ಟರಲ್ಲಿ ಹನ್ನೆರಡೂವರೆ. ಬಂದವರೇ ಕೇಳಿದರು:

"ಜಮಾದಾರ, ಈ ಮನಿ ಮೊದಲು ಎಲ್ಲಿತ್ತು?"

"ಹಿಂದಿತ್ರಿ."

"ಡಿಪೋ ಆದ ಮ್ಯಾಲ ಮುಂದ ಬಂದದ ಅಂದ್ರ ಇದೇನು ಲೆಕ್ಕಕ್ಕ ಹಿಡೀಬೇಕು?"

"ಠರಾವಿನಾಗ ಯಾವಾಗ ಕಟ್ಟಿದ ಮನಿ ಅಂತ ಬರದಿಲ್ರಿ. ರಜಿಸ್ಟರಿನಾಗ ಮನಿ ನಂಬರ ಅದ, ಅದೇ ನಂಬರಿನ ಕಲ್ಲು ಬಾಗಿಲಿಗೆ ಅದ. ಇವರ ಮನಿ ಯಾವಾಗ್ಲೂ ಸರೀತಾವ, ನಂಬರ ಜೋಡಿ ಹೋಗ್ತದ. ಹಿಂದೆಂದೂ ಯಾರೂ ತಕರಾರು ಮಾಡಿಲ್ಲ."

ಸಾಹೇಬರು ಬಾಗಿಲಿನ ನಂಬರಿನ ಕಲ್ಲು ನೋಡಿದರು. "ಅಳೀರಿ," ಅಂದರು.

ಕೈಗೆ ರುಮಾಲು ಸುತ್ತಿಕೊಂಡೇ ಸರಪಳಿ ಎತ್ತಬೇಕಾಯಿತು. ಒಂದು, ಎರಡು, ಮೂರು. ಸಡಿಲ ಬಿಡಲಿಲ್ಲ, ಅದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ. ಒಂಬತ್ತು ಮೊಳೆ ಆದವು. ಹತ್ತನೆಯದನ್ನು ಎಳೆದರೆ ಹಿಡಿ ಗೋಡೆಗೆ ಬಡಿದು ಸರಪಳಿ ಪೂರ್ತಿ ಚಾಚಲಿಲ್ಲ. ಎರಡು ಇಂಚು ಮಿಕ್ಕಿತು. ಗೋಡೆ ಹತ್ತು ಸರಪಳಿಯ ಒಳಗೆ ಎರಡು ಇಂಚು.

ಸಾಹೇಬರು ಬಗ್ಗಿ ನೋಡಿದರು. ಮಿಕ್ಕಿದ ಕೊಂಡಿಯನ್ನು ಬೆರಳಲ್ಲಿ ಹಿಡಿಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು.

"ಭಾಳ ಕಾದದಲ್ಲ ಇದು, ಜಮಾದಾರ."

"ಹೌದ್ರಿ ಸಾಹೇಬ್ರ. ಬಿಸಿಲು ಭಾಳ ಅದ."

ಅವರು ನನ್ನನ್ನು ನೋಡುತ್ತಾ ನಿಂತರು. ಓದಿದ ಮನುಷ್ಯ, ಅವರಿಗೆ ತಿಳಿಯದ ವಿಷಯವೇನಲ್ಲ. ಅಷ್ಟರಲ್ಲಿ ಮಾಳಮ್ಮ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಬಾಯಾರಿತ್ತು, ಸಾಹೇಬರು ತಂಬಿಗೆ ಎತ್ತಿದರು, ಹಾಗೇ ತಡೆದರು. ನೀರಿನ ಮೇಲೆ ನೊಣಗಳು ತೇಲುತ್ತಿದ್ದವು, ಅಂಚಿನ ಸುತ್ತಲೂ ಕೂತಿದ್ದವು, ಅವರ ಕೈಯ ಮೇಲೂ ಕೂತವು. ಮಾಳಮ್ಮ ಸೆರಗಿನಿಂದ ಬೀಸಿದಳು, ಎದ್ದವು, ಮತ್ತೆ ಕೂತವು. "ಬ್ಯಾರೆ ನೀರು ತರ್ತೀನ್ರಿ, ಆದ್ರ ಅದರಾಗೂ ಬೀಳ್ತಾವ," ಅಂದಳು.

ಸಾಹೇಬರು ತಂಬಿಗೆಯನ್ನು ಮೆಲ್ಲಗೆ ಒಂದು ಕಲ್ಲಿನ ಮೇಲಿಟ್ಟರು. ಪೆನ್ನು ತೆಗೆದರು. "ಎರಡು ಇಂಚು ಒಳಗ," ಅಂತ ಬಾಯಿಬಿಟ್ಟು ಹೇಳುತ್ತಾ ಬರೆದು ಸಹಿ ಮಾಡಿದರು. ಆ ಮನುಷ್ಯನನ್ನು ನಾನು ಅಲ್ಲಿಯವರೆಗೆ ಬರೀ ಗಾಡಿ ಹಿಡಿಯುವ ಸಾಹೇಬ ಅಂದುಕೊಂಡಿದ್ದೆ, ಅದು ತಪ್ಪು.

ಹದಿನೈದು ದಿನದಲ್ಲಿ ಬಂಡಿಗಳು ಎರಡು ಮೈಲಿ ಆಚೆಯ ಬಂಡೆಗಾಡಿನ ಕಡೆ ತಿರುಗಿದವು. ಅಲ್ಲಿ ಅರ್ಧ ಮೈಲಿಯೊಳಗೆ ಒಂದು ಗುಡಿಸಲೂ ಇರಲಿಲ್ಲ, ನಾನೇ ನಡೆದು ನೋಡಿದೆ. ಹಳೆಯ ಗುಂಡಿಯ ಮೇಲೆ ಓಣಿಯವರು ಖಣಿಯ ಕಲ್ಲುಚೂರು, ಅದರ ಮೇಲೆ ಮಣ್ಣು ತುಂಬಿದರು. ಒಂದೆರಡು ಮಳೆ ಬಿತ್ತು, ವಾಸನೆ ಇಳಿಯಿತು. ಜುಲೈಯಲ್ಲಿ ಬೀಗತಿ ಮರೆಮ್ಮ ಸೊಸೆಯನ್ನು ಸುಲೇಪೇಟದಲ್ಲೇ ಬಿಟ್ಟು ಒಬ್ಬಳೇ ಬಸ್ಸಿಗೆ ಬಂದಳು. ಮನೆಯ ಸುತ್ತ ಒಂದು ಸುತ್ತು ಹಾಕಿದಳು, ಒಲೆ ನೋಡಿದಳು, ನೀರಿನ ಕೊಡದೊಳಗೆ ಇಣುಕಿದಳು, ಕೂತು ಚಹಾ ಕುಡಿದಳು. ಬಟ್ಟಲು ಬರಿದಾದ ಮೇಲೆ, "ಬುಧವಾರ ಛಲೋ ದಿನ ಅದ, ಬೀಗ್ರು ಬಂದು ಕರಕೊಂಡು ಹೋಗ್ಲಿ," ಅಂದಳಂತೆ. ಮಾಳಮ್ಮ ಇದನ್ನು ಹೇಳಲಿಕ್ಕೆಂದೇ ಆಫೀಸಿಗೆ ಬಂದಿದ್ದಳು. ಅವತ್ತು ಮಾತ್ರ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಆಗಸ್ಟಿನಲ್ಲಿ ಅಮೃತಮ್ಮ ಹೆಣ್ಣು ಹಡೆದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೇ ದೊಡ್ಡ ಮನುಷ್ಯ ಅಂತ ಹೇಳಿಕೊಂಡು ತಿರುಗುತ್ತಿದ್ದೆ.

ಎಪ್ಪತ್ತೊಂಬತ್ತರಲ್ಲಿ ನರಸಪ್ಪ ಕೆಲಸ ಮಾಡುತ್ತಿದ್ದ ಖಣಿ ಮೂರು ಮೈಲಿ ಮುಂದಕ್ಕೆ ಸರಿಯಿತು. ಅವನ ಮೊಣಕಾಲು ಹೋಗಿತ್ತು, ನಡೆದು ಹೋಗಿ ಬರುವುದು ಆಗದು. ಮನೆ ಬಿಚ್ಚಬೇಕಾಯಿತು. ನಿವೃತ್ತಿಗೆ ನನಗೆ ಎರಡು ತಿಂಗಳು ಇತ್ತು. ಆಗಿನ ಚೀಫ್ ಆಫೀಸರು ಬೇರೆಯವರು, ಎತ್ತುಗಳು ಎರಡು ಮೈಲಿ ಎಳೆದು ಸಾಯುತ್ತಿವೆ ಅಂತ ದಿನಾ ಗೊಣಗುವವರು. ನನ್ನನ್ನು ಕರೆದು, "ಆ ಮೊದಲನೇ ಮನಿ ಎದ್ದು ಹೋಗಾಕತ್ತದಂತಲ್ಲ? ಅದರ ಹಿಂದಿನ ಮನಿ ಹಳೇ ಗುಂಡಿಯಿಂದ ಎಷ್ಟು ದೂರ ಅದ?" ಅಂದರು.

"ಹನ್ನೊಂದು ಸರಪಳಿ ಆಗ್ತದ್ರಿ."

"ಹಂಗಾರ ಮೊದಲಿನ ಡಿಪೋನ ಬಗಲಿಗೆ ಅಷ್ಟೇ ದೂರಕ್ಕ ಇನ್ನೊಂದು ಖಾಲಿ ಗುಂಡಿ ಅದಲ್ಲ, ಅದು ನಡೀತದ. ಹೋಗಿ ನೋಡಿ ಬರ್ರಿ."

ಅವರು ಠರಾವು ಮುರಿಯುತ್ತಿರಲಿಲ್ಲ, ಠರಾವಿನ ಪ್ರಕಾರವೇ ಹೊರಟಿದ್ದರು. ಹದಿನೈದು ವರ್ಷ ಆ ಹದಿನೈದು ಮನೆಗೂ ಕಸಕ್ಕೂ ನಡುವೆ ನಿಂತದ್ದು ನನ್ನ ಸಹಿಯಲ್ಲ, ಸಾಹೇಬರ ಪೆನ್ನಲ್ಲ, ಮಾಳಮ್ಮನ ಗೋಡೆ. ಅದು ಎದ್ದು ಹೋದರೆ ಹತ್ತು ಸರಪಳಿಯೊಳಗೆ ಅಳೆಯಲಿಕ್ಕೆ ಏನೂ ಇರುವುದಿಲ್ಲ. ಇದು ನನಗೆ ಹೊಳೆದದ್ದು ಆಗಲೇ. ಓಣಿಗೆ ಹೋದೆ.

ಅರ್ಧ ಮನೆ ಆಗಲೇ ಬಂಡಿಗೆ ಏರಿತ್ತು. ನರಸಪ್ಪ ಕೆಳಗೆ ಕೂತು ಕಲ್ಲುಗಳಿಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದ. ಓಣಿಯವರು ಸಬ್ಬಲ್ಲು ಹಿಡಿದಿದ್ದರು. ಆದರೆ ಅರ್ಧ ಜನ ನರಸಪ್ಪನ ಕಲ್ಲು ಇಳಿಸುತ್ತಿದ್ದರೆ ಉಳಿದರ್ಧ ಜನ ಹಿಂದಿನಿಂದ ಬೇರೆ ಕಲ್ಲು ಹೊತ್ತು ತರುತ್ತಿದ್ದರು. ನರಸಪ್ಪನ ಗೋಡೆ ಕಿತ್ತ ಕಡೆ, ಅದೇ ಬುನಾದಿಗಿಂತ ಒಂದು ಮೊಳ ಗುಂಡಿಯ ಕಡೆಗೆ ಸರಿದು, ಇನ್ನೊಂದು ಗೋಡೆ ಮೊಣಕಾಲೆತ್ತರ ಬಂದಿತ್ತು. ಸೈದಾನಬಿಯ ಮನೆಯ ಕಲ್ಲುಗಳು. ಜಿಲಾನಿ, ಈಗ ಮೀಸೆ ಬಂದ ಗಂಡಸು, ಮುಂದೆ ನಿಂತು ಒಂದೊಂದನ್ನೇ ಕೂರಿಸುತ್ತಿದ್ದ.

ಸೈದಾನಬಿಗೆ ಅರವತ್ತು ದಾಟಿತ್ತು. ಕಸ ಬಂದರೂ ಬರದಿದ್ದರೂ ಅವಳ ಮನೆ ಹಿಂದೆ ನೆಮ್ಮದಿಯಾಗಿತ್ತು, ಬಾವಿ ಅಲ್ಲೇ ಬಾಗಿಲಲ್ಲಿತ್ತು.

"ನಿಮಗ್ಯಾಕ ಬೇಕಿತ್ತು ಇದು, ಆಪಾ?" ಅಂದೆ. "ನಿಮಗ ಹೆಣ್ಣುಮಕ್ಕಳೇ ಇಲ್ಲ. ಯಾರು ಬಾಣಂತನಕ್ಕ ಬರೋರು?"

ಅವಳು ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ಕಲ್ಲಿನ ಸಂದಿಗೆ ತುಂಬಿ ಹೆಬ್ಬೆರಳಿನಿಂದ ಒತ್ತಿದಳು.

"ನನಗಿಲ್ಲ ಖರೇ ಭಾಯಿ," ಅಂದಳು. "ಓಣ್ಯಾಗ ಹನ್ನೊಂದು ಮಂದಿ ಅದಾರ."

ನಾನು ಜೀವಮಾನವೆಲ್ಲ ಆ ಓಣಿಯನ್ನು ಅಳೆದಿದ್ದೆ, ಅಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ ಅಂತ ಎಣಿಸಿರಲಿಲ್ಲ. ಆಫೀಸಿನ ಟೋಪಿ ತೆಗೆದು ಬಂಡಿಯ ಮೇಲಿಟ್ಟು, ಜಿಲಾನಿ ಎತ್ತುತ್ತಿದ್ದ ಪರಸಿಯ ಇನ್ನೊಂದು ತುದಿಗೆ ಕೈ ಹಾಕಿದೆ. ಭಾಳ ಭಾರ ಇತ್ತು.